ಐಕ್ಯ ಪ್ರಾರ್ಥನಾ ಸಭೆಗೆ ಮೈಕ್‌ಸೆಟ್: ಹಾಸನ ಪೇಟೆಯ ಒಂದು ಬಾಡಿಗೆ ಸೇವೆ

ಜನವರಿ 18ರಿಂದ 25ರವರೆಗಿನ ಕ್ರೈಸ್ತ ಐಕ್ಯತಾ ಪ್ರಾರ್ಥನಾ ವಾರದಲ್ಲಿ ಕಥೋಲಿಕ, ಸಿಎಸ್‌ಐ (ದಕ್ಷಿಣ ಭಾರತ ಸಭೆ), ಪೆಂಟೆಕೋಸ್ಟಲ್ ಸಭೆಗಳು ಒಂದೇ ವೇದಿಕೆಗೆ ಬಂದರೆ ಈ ಅಂಗಡಿಯ ಸೆಟ್ ಧಾರಾಳವಾಗಿ ಸಾಕು. 12 ಚಾನೆಲ್ ಮಿಕ್ಸರ್ (ಹನ್ನೆರಡು ಮೈಕ್, ವಾದ್ಯಗಳ ದನಿಯನ್ನು ಬೆರೆಸುವ ಪೆಟ್ಟಿಗೆ): ಮೂರು ಗಾಯನವೃಂದಕ್ಕೆ ತಲಾ ಎರಡು ಮೈಕ್, ಬೋಧಕರಿಗೆ ಎರಡು ಕಾರ್ಡ್‌ಲೆಸ್, ಉಳಿದದ್ದು ಕೀಬೋರ್ಡ್, ಗಿಟಾರ್, ತಬಲಾಕ್ಕೆ. ಮೂರು ತಂಡಕ್ಕೂ ಒಂದೇ ಕೀಬೋರ್ಡ್ ಇಟ್ಟುಕೊಳ್ಳಿ; ನಡುವೆ ಕೇಬಲ್ ಕಿತ್ತು ಚುಚ್ಚಿದರೆ ಸ್ಪೀಕರ್ ಢಬ್ ಎನ್ನುತ್ತದೆ.

ಕುಯ್ಯೆನ್ನುವ ಸದ್ದಿಗೆ ಕಾರಣ ಸ್ಪೀಕರ್ ಮೈಕಿನ ಹಿಂದಿರುವುದು. ಹುಡುಗರು ಅದನ್ನು ಎರಡು ಹೆಜ್ಜೆ ಮುಂದಿಟ್ಟು ಜನರ ಕಡೆ ತಿರುಗಿಸುತ್ತಾರೆ. ಕೆಲಸ ಅಚ್ಚುಕಟ್ಟು.

ಕೊರತೆ ಒಂದೇ: ಆಪರೇಟರ್‌ಗೆ ಆರಾಧನಾ ಕ್ರಮ ಗೊತ್ತಿಲ್ಲ, ವಾಚಕರ ಮೈಕ್ ತಡವಾಗಿ ತೆರೆಯುತ್ತದೆ. ಮೈಕ್ ನಂಬರ್ ಸಹಿತ ಕ್ರಮದ ಹಾಳೆ ಕೊಡಿ. ಯೇಸು ಕಲಿಸಿದ ಕರ್ತನ ಪ್ರಾರ್ಥನೆಯನ್ನು ಅದರಲ್ಲಿ ಪೂರ್ತಿ ಅಚ್ಚು ಹಾಕಿಸಲೇಬೇಕು. ಏಕೆಂದರೆ ಕಥೋಲಿಕರು ‘ಕೇಡಿನಿಂದ ತಪ್ಪಿಸು’ ಎಂಬಲ್ಲಿ ನಿಲ್ಲಿಸುತ್ತಾರೆ, ಉಳಿದವರು ‘ರಾಜ್ಯವೂ ಬಲವೂ’ ಎಂದು ಮುಂದುವರಿಯುತ್ತಾರೆ. ಒಂದಾಗಿ ಬೇಡಬೇಕಾದ ಗಳಿಗೆಯಲ್ಲೇ ದನಿ ಒಡೆಯುವುದು ನೋವಿನ ಸಂಗತಿ.

ಧ್ವನಿವರ್ಧಕದ ಲಿಖಿತ ಅನುಮತಿ ನಿಮ್ಮದೇ ಹೊಣೆ. ರಾತ್ರಿ 10ಕ್ಕೆ ನಿಲ್ಲಿಸಬೇಕು. ಸಂಕ್ರಾಂತಿ ಕಳೆದರೆ ಮದುವೆ, ಜಾತ್ರೆಗಳ ಕಾಲ. ಡಿಸೆಂಬರ್‌ನಲ್ಲೇ ಅಡ್ವಾನ್ಸ್ ಕೊಡಿ.