ಹೊಸೂರಿನ ಪಾರ್ಕ್ ನಿರ್ವಹಣೆ ಗುತ್ತಿಗೆಗಳು: ಯಾವುದಕ್ಕೆ ಸಹಿ ಹಾಕಬಹುದು, ಯಾವುದಕ್ಕೆ ಬೇಡ

ಕರ್ನಾಟಕದ ಗಡಿಗೆ ಅಂಟಿಕೊಂಡಿರುವ ತಮಿಳುನಾಡಿನ ಹೊಸೂರು 2019ರಲ್ಲಿ ಮಹಾನಗರಪಾಲಿಕೆಯಾಯಿತು. ಬಾಗಲೂರು ರಸ್ತೆ, ಥಳಿ ರಸ್ತೆ, ಡೆಂಕಣಿಕೋಟೆ ರಸ್ತೆ, ಯಾವ ಕಡೆಗೆ ಹೊರಟರೂ ಹೊಸ ಲೇಔಟು, ಅದರೊಳಗೊಂದು ತಂತಿಬೇಲಿ, ‘ಪೂಂಗಾ’ (ತಮಿಳಿನಲ್ಲಿ ಪಾರ್ಕು) ಎಂದು ಬರೆದ ಬೋರ್ಡು. ಆ ಬೇಲಿಯೊಳಗಿನ ಜಾಗವನ್ನು ಹಸಿರಾಗಿ ಇಟ್ಟುಕೊಡುತ್ತೇವೆ ಎಂದು ನರ್ಸರಿಯವರೂ ಕೂಲಿಯಾಳು ಒದಗಿಸುವ ಏಜೆನ್ಸಿಗಳೂ ನಿವಾಸಿಗಳ ಸಂಘಗಳಿಗೆ ವರ್ಷದ ಲೆಕ್ಕದಲ್ಲಿ ಕೊಡುವ ಸೇವೆಯ ವಿಮರ್ಶೆ ಇದು. ಯಾವ ಒಂದು ಸಂಸ್ಥೆಯದ್ದೂ ಅಲ್ಲ. ಮಾರುಕಟ್ಟೆಯಲ್ಲಿ ಸಿಗುವ ಎರಡು ಮಾದರಿಗಳದ್ದು. ಒಂದು, ವಾರಕ್ಕೆ ಎರಡು ಸಲ ಆಳುಗಳು ಬಂದು ಕೆಲಸ ಮುಗಿಸಿ ಹೋಗುವ ‘ವಿಸಿಟ್ ಪ್ಯಾಕೇಜ್’. ಇನ್ನೊಂದು, ದಿನವಿಡೀ ಒಬ್ಬ ಮಾಲಿ ಅಲ್ಲೇ ಇರುವ ಗುತ್ತಿಗೆ. ಮೊದಲನೆಯದನ್ನು ಹುಲ್ಲುಹಾಸು ಇರುವ ಯಾವ ಪಾರ್ಕಿಗೂ ತೆಗೆದುಕೊಳ್ಳಬೇಡಿ. ಎರಡನೆಯದು ಒಳ್ಳೆಯದೇ, ಆದರೆ ಅದನ್ನೂ ಅವರು ಕೊಟ್ಟ ಕಾಗದದಲ್ಲಿ ಇರುವ ಹಾಗೆಯೇ ಒಪ್ಪಿಕೊಳ್ಳಬಾರದು.

ಮೊದಲು ಜಾಗ ಯಾರದ್ದು ಎಂಬುದು ಸ್ಪಷ್ಟವಾಗಿರಲಿ. ತಮಿಳುನಾಡಿನ 2019ರ ಅಭಿವೃದ್ಧಿ ಮತ್ತು ಕಟ್ಟಡ ನಿಯಮಗಳ ಪ್ರಕಾರ 10,000 ಚದರ ಮೀಟರಿಗಿಂತ ದೊಡ್ಡ ಲೇಔಟಿನಲ್ಲಿ ರಸ್ತೆ ಬಿಟ್ಟು ಉಳಿದ ಜಾಗದ ಶೇ. 10ನ್ನು ಬಯಲಾಗಿ ಬಿಟ್ಟು ಸ್ಥಳೀಯ ಸಂಸ್ಥೆಗೆ ದಾನಪತ್ರ ಮಾಡಿಕೊಡಬೇಕು. 3,000ದಿಂದ 10,000 ಚದರ ಮೀಟರಿನವರೆಗಿನ ಲೇಔಟಿನವರು ಜಾಗ ಕೊಡಲು ಆಗದಿದ್ದರೆ ಅದರ ಬೆಲೆ ಕಟ್ಟಬಹುದು. ಹೀಗೆ ಬಂದ ಪಾರ್ಕು ಪಾಲಿಕೆಯ ಆಸ್ತಿ, ಅಂದರೆ ಊರಿನದ್ದು. ಸಂಘ ಅದನ್ನು ನೋಡಿಕೊಳ್ಳಬಹುದು, ಪಕ್ಕದ ಬೀದಿಯ ಮಕ್ಕಳು ಬರಬಾರದೆಂದು ಗೇಟಿಗೆ ಬೀಗ ಜಡಿಯುವಂತಿಲ್ಲ. ಗುತ್ತಿಗೆಗೆ ಸಹಿ ಹಾಕುವ ಮುಂಚೆ ಪಾಲಿಕೆಯ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ಬೋರ್‌ವೆಲ್ಲಿನ ಕರೆಂಟ್ ಬಿಲ್ಲು ಯಾರ ಹೆಸರಿನಲ್ಲಿ ಬರುತ್ತದೆ ಎಂಬುದೂ ಆ ಪತ್ರದಲ್ಲೇ ಇರಲಿ.

ಇನ್ನು ನೀರು. ಸೇವೆಯ ಗುಣ ಬಯಲಾಗುವುದು ಇಲ್ಲೇ. ಏಪ್ರಿಲ್ ಬಿಸಿಲಿನಲ್ಲಿ ಹುಲ್ಲುಹಾಸಿಗೆ ದಿನಕ್ಕೆ ಹತ್ತಿರ ಹತ್ತಿರ 5 ಮಿಲಿಮೀಟರ್ ನೀರು ಬೇಕು, ಅಂದರೆ ಚದರ ಮೀಟರಿಗೆ 5 ಲೀಟರ್. ಒಂದು ಎಕರೆ ಪಾರ್ಕಿನಲ್ಲಿ 1,500 ಚದರ ಮೀಟರ್ ಲಾನ್ ಇದ್ದರೆ ದಿನಕ್ಕೆ 7,500 ಲೀಟರ್ ಆಯಿತು. 6,000 ಲೀಟರಿನ ಟ್ಯಾಂಕರ್ ಒಂದು ದಿನಕ್ಕೂ ಸಾಲದು. ಮುಕ್ಕಾಲು ಇಂಚಿನ ಪೈಪಿನಿಂದ ನಿಮಿಷಕ್ಕೆ 20 ಲೀಟರ್ ಬೀಳುತ್ತದೆ ಎಂದು ಇಟ್ಟುಕೊಂಡರೂ ಅಷ್ಟು ನೀರು ಬಿಡಲು ಆರು ಗಂಟೆಯ ಮೇಲೆ ಬೇಕು. ಈಗ ವಿಸಿಟ್ ಪ್ಯಾಕೇಜ್ ನೋಡಿ: ವಾರಕ್ಕೆ ಎರಡು ಸಲ ಬರುವ ಆಳು ಎರಡೆರಡು ಗಂಟೆ ಪೈಪು ಹಿಡಿದರೆ ಒಂದು ಸಲಕ್ಕೆ 2,400 ಲೀಟರ್. ವಾರಕ್ಕೆ 52,500 ಲೀಟರ್ ಬೇಕಾದ ಕಡೆ 4,800 ಲೀಟರ್. ಆಳು ಎಷ್ಟೇ ಪ್ರಾಮಾಣಿಕನಾಗಿರಲಿ, ಈ ಲೆಕ್ಕದಲ್ಲಿ ಹುಲ್ಲು ಉಳಿಯುವುದಿಲ್ಲ. ಮೇ ತಿಂಗಳಲ್ಲಿ ಕೆಂಪುಮಣ್ಣು ಕಾಣಿಸಿಕೊಂಡಾಗ ಬೈಗುಳ ತಿನ್ನುವವನು ಮಾತ್ರ ಆ ಆಳೇ.

ಮಾಲಿ ಇರುವ ಗುತ್ತಿಗೆಯಲ್ಲೂ ನೀರಿನ ಹೊಣೆ ಯಾರದ್ದು ಎಂದು ಬರೆಯದೆ ‘ಲಭ್ಯತೆಗೆ ಅನುಗುಣವಾಗಿ’ ಎಂಬ ಮಾತು ಸೇರಿಸಿರುತ್ತಾರೆ. ಅದನ್ನು ಹೊಡೆದುಹಾಕಿ ಬೇರೆ ಬರೆಸಿ. ಬೋರ್‌ವೆಲ್ ಪೈಪಿಗೆ ಒಂದು ನೀರಿನ ಮೀಟರ್ ಹಾಕಿಸಿ, ಮಾಲಿ ದಿನಾ ಬೆಳಿಗ್ಗೆ ಅದರ ಅಂಕಿಯನ್ನು ಪುಸ್ತಕದಲ್ಲಿ ಬರೆಯಲಿ. ಈ ಪುಸ್ತಕವೊಂದಿದ್ದರೆ ಅರ್ಧ ಜಗಳ ಮುಗಿದಂತೆ. ನೀರು ಕಡಿಮೆ ಇರುವ ಕಡೆ ಲಾನನ್ನೇ 500 ಚದರ ಮೀಟರಿಗೆ ಇಳಿಸಿ. ಆಗ ದಿನಕ್ಕೆ 2,500 ಲೀಟರ್ ಸಾಕು. ಉಳಿದ ಜಾಗಕ್ಕೆ ಮರ, ಬೇಲಿಗಿಡ, ಒಣ ಎಲೆಯ ಹೊದಿಕೆ. ಬೇಲಿಗಿಡಗಳಿಗೆ ಗಂಟೆಗೆ 4 ಲೀಟರ್ ಬಿಡುವ ಡ್ರಿಪ್ ಸಾಕು, ಹೊಸ ಮರಗಳಿಗೆ ಮೊದಲ ಎರಡು ಬೇಸಿಗೆ ವಾರಕ್ಕೆ ಎರಡು ಸಲ 20 ಲೀಟರ್. ಶುದ್ಧೀಕರಿಸಿದ ಕೊಳಚೆ ನೀರು ಸಿಗುವುದಾದರೆ ಬಳಸಿಕೊಳ್ಳಿ. ಆದರೆ ಸಣ್ಣ ಕಸವನ್ನೂ ತಡೆಯುವ 120 ಮೆಶ್‌ನ ಡಿಸ್ಕ್ ಫಿಲ್ಟರ್ ಇಲ್ಲದೆ ಡ್ರಿಪ್ಪಿಗೆ ಜೋಡಿಸಿದರೆ ತೂತುಗಳು ಬೇಗ ಕಟ್ಟಿಕೊಳ್ಳುತ್ತವೆ. ಆ ಫಿಲ್ಟರನ್ನು ವಾರಕ್ಕೊಮ್ಮೆ ಬಿಚ್ಚಿ ತೊಳೆಯುವುದು ಗುತ್ತಿಗೆಯ ಕೆಲಸದ ಪಟ್ಟಿಯಲ್ಲಿ ಬಹುಪಾಲು ಇರುವುದೇ ಇಲ್ಲ.

ದಿನಾ ಸಂಜೆ ಮೇಲೆ ಮೇಲೆ ನೀರು ಚಿಮುಕಿಸುವುದು ಇನ್ನೊಂದು ತಪ್ಪು. ಬೇರು ಮೇಲೆಯೇ ಉಳಿದು ಒಂದು ದಿನ ನೀರು ತಪ್ಪಿದರೂ ಹುಲ್ಲು ಬಾಡುತ್ತದೆ. ರಾತ್ರಿಯಿಡೀ ಎಲೆ ಒದ್ದೆಯಾಗಿದ್ದರೆ ಬೂಷ್ಟು ಹಿಡಿಯುತ್ತದೆ. ದಿನ ಬಿಟ್ಟು ದಿನ, ಬೆಳಿಗ್ಗೆ, ಎರಡು ದಿನದ ಪಾಲನ್ನು ಒಟ್ಟಿಗೆ ಕೊಡಬೇಕು. ಮಾರನೇ ದಿನ ಉದ್ದನೆಯ ಸ್ಕ್ರೂಡ್ರೈವರ್ ಚುಚ್ಚಿ ನೋಡಿ: ನಾಲ್ಕು ಇಂಚು ಸಲೀಸಾಗಿ ಇಳಿದರೆ ನೀರು ತಲುಪಿದೆ.

ಹುಲ್ಲು ಕತ್ತರಿಸುವುದರಲ್ಲಿ ಎರಡೂ ಮಾದರಿಯವರು ಸೋಲುತ್ತಾರೆ, ಕಾರಣ ಒಂದೇ: ಬ್ರಷ್ ಕಟರ್. ಲಾನ್ ಮೋವರ್ ತರುವುದು ತೊಂದರೆ ಎಂದು ಹೆಗಲಿಗೆ ಹಾಕಿಕೊಳ್ಳುವ ಈ ಯಂತ್ರದಲ್ಲೇ ಎಲ್ಲವನ್ನೂ ಮುಗಿಸುತ್ತಾರೆ. ಒಂದು ಕಡೆ ಬೋಳು, ಒಂದು ಕಡೆ ಕುಚ್ಚು. ಅದಕ್ಕಿಂತ ದೊಡ್ಡ ನಷ್ಟ ಮರಗಳಿಗೆ. ತಿರುಗುವ ನೈಲಾನ್ ದಾರ ಎಳೆಯ ಕಾಂಡಕ್ಕೆ ತಾಗಿ ಬುಡದ ತೊಗಟೆ ಸುತ್ತಲೂ ಸುಲಿದುಹೋಗುತ್ತದೆ. ಗಿಡ ಎರಡು ಮೂರು ತಿಂಗಳು ಹಸಿರಾಗಿಯೇ ಇದ್ದು ಆಮೇಲೆ ಒಣಗುತ್ತದೆ, ಗುತ್ತಿಗೆದಾರರು ಗೆದ್ದಲು ಎನ್ನುತ್ತಾರೆ. ಪ್ರತಿ ಗಿಡದ ಸುತ್ತ ಎರಡು ಅಡಿ ಹುಲ್ಲು ಕಿತ್ತು ಒಣ ಎಲೆ ಹಾಸಬೇಕು, ಆಗ ಯಂತ್ರ ಹತ್ತಿರ ಹೋಗುವ ಪ್ರಶ್ನೆಯೇ ಬರುವುದಿಲ್ಲ. ಬರ್ಮುಡ ಹುಲ್ಲನ್ನು 25ರಿಂದ 30 ಮಿಲಿಮೀಟರಿಗೆ ಕತ್ತರಿಸಿ, ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ಅದು ನಮ್ಮ ಗರಿಕೆಯ ಕುಲದ್ದೇ, ಬಿಸಿಲು ಬೇಕೇ ಬೇಕು. ಹೊಂಗೆಮರದ ಕೆಳಗೆ ಅದನ್ನೇ ಮತ್ತೆ ಮತ್ತೆ ನೆಟ್ಟು ಬಿಲ್ಲು ಮಾಡುವ ಗುತ್ತಿಗೆದಾರನಿಗೆ ಎರಡನೇ ಸಲ ದುಡ್ಡು ಕೊಡಬೇಡಿ.

ಮರಗಳ ಆಯ್ಕೆಯಲ್ಲಿ ನರ್ಸರಿಯವರ ಸಲಹೆಯನ್ನು ಪೂರ್ತಿ ನಂಬುವಂತಿಲ್ಲ. ಬೇಗ ಬೆಳೆದು ಗೋಡೆಯಂತೆ ಮರೆ ಕೊಡುತ್ತದೆ ಎಂದು ಕೊನೊಕಾರ್ಪಸ್ ಮಾರುತ್ತಿದ್ದರು. ತಮಿಳುನಾಡು ಸರಕಾರ ಅದನ್ನು ನೆಡುವುದನ್ನೇ 2025ರಲ್ಲಿ ನಿಷೇಧಿಸಿದೆ. ಗುಲ್‌ಮೊಹರ್ ಹೂವು ಚೆಂದ, ಕೊಂಬೆ ಬೇಗ ಮುರಿಯುತ್ತದೆ: ಆಟದ ಜಾಗದ ಮೇಲೆ ಬಾಗುವಂತೆ ನೆಡಬಾರದು. ಹೊಂಗೆ, ನೇರಳೆ, ಬೇವು, ಸಂಪಿಗೆ ಈ ಮಣ್ಣಿಗೆ ಹೊಂದುತ್ತವೆ. ನೇರಳೆಯನ್ನು ನಡೆಯುವ ದಾರಿಯಿಂದ ದೂರ ಇಡಿ, ಉದುರಿದ ಹಣ್ಣಿನ ಮೇಲೆ ಜಾರಿ ಬೀಳುತ್ತಾರೆ.

ಮಕ್ಕಳ ಆಟದ ಜಾಗಕ್ಕೆ ಬಂದರೆ ನಮ್ಮ ಮಾತು ಕಟುವಾಗಿಯೇ ಇರುತ್ತದೆ. ಎರಡೂ ಮಾದರಿಯ ಗುತ್ತಿಗೆಗಳಲ್ಲಿ ಆಟದ ಸಾಮಾನಿನ ತಪಾಸಣೆ ಎಂದರೆ ವರ್ಷಕ್ಕೊಮ್ಮೆ ಬಣ್ಣ ಹೊಡೆಯುವುದು. ತುಕ್ಕು ಹಿಡಿದ ಬೆಸುಗೆಯನ್ನು ಬಣ್ಣ ಮುಚ್ಚುತ್ತದೆ, ಗಟ್ಟಿ ಮಾಡುವುದಿಲ್ಲ. ಆಟದ ಸಾಮಾನಿನ ಸುರಕ್ಷತೆಗೆಂದು ಇರುವ ಯುರೋಪಿನ ಇಎನ್ 1176 ಮಾನದಂಡ ಹೇಳುವ ಕ್ರಮ ನಮ್ಮಲ್ಲೂ ನಡೆಸಬಹುದಾದದ್ದೇ: ದಿನ ಅಥವಾ ವಾರಕ್ಕೊಮ್ಮೆ ಕಣ್ಣಳತೆಯ ನೋಟ, ಒಂದರಿಂದ ಮೂರು ತಿಂಗಳಿಗೊಮ್ಮೆ ಕೀಲು, ಬೋಲ್ಟು, ಸರಪಳಿಗಳ ಪರೀಕ್ಷೆ, ವರ್ಷಕ್ಕೊಮ್ಮೆ ಅಡಿಪಾಯದವರೆಗೆ ಪೂರ್ತಿ ಪರಿಶೀಲನೆ. ಮೊದಲನೆಯದನ್ನು ಮಾಲಿ ಮಾಡುತ್ತಾನೆ, ಎರಡನೆಯದಕ್ಕೆ ಫಿಟ್ಟರ್ ಬೇಕು. ಗುತ್ತಿಗೆಯಲ್ಲಿ ಫಿಟ್ಟರ್ ಎಂಬ ಪದವೇ ಇಲ್ಲದಿದ್ದರೆ ಕೇಳಿ ಸೇರಿಸಿ.

ನೀವೇ ಟೇಪು ಹಿಡಿದು ಅಳೆಯಬಹುದಾದದ್ದು ಬಹಳಷ್ಟಿದೆ. ಕಂಬಿಗಳ ನಡುವಿನ ಸಂದು 89 ಮಿಲಿಮೀಟರಿಗಿಂತ ಕಡಿಮೆ ಇರಬೇಕು, ಇಲ್ಲವೇ 230ಕ್ಕಿಂತ ಹೆಚ್ಚಿರಬೇಕು. ನಡುವಿನ ಅಳತೆಯಲ್ಲಿ ಮಗುವಿನ ಮೈ ತೂರಿ ತಲೆ ಸಿಕ್ಕಿಕೊಳ್ಳುತ್ತದೆ. ಊರಿನ ವರ್ಕ್‌ಶಾಪಿನಲ್ಲಿ ಅಭ್ಯಾಸಬಲದಿಂದ ನಾಲ್ಕು, ಐದು ಇಂಚಿಗೆ ಕಂಬಿ ಬೆಸೆಯುತ್ತಾರೆ, ಅಂದರೆ ಸರಿಯಾಗಿ ಅಪಾಯದ ಅಳತೆಗೇ. ಉಯ್ಯಾಲೆಯ ಒಂದು ಚೌಕಟ್ಟಿಗೆ ಎರಡೇ ಆಸನ. ಮೂರನೆಯದು ಇದ್ದರೆ ನಡುವಿನದಕ್ಕೆ ಹೋಗುವ ಮಗು ಪಕ್ಕದ್ದರ ಹೊಡೆತಕ್ಕೆ ಸಿಗುತ್ತದೆ. ಆಸನದ ಕೆಳಗೆ ನೆಲಕ್ಕೆ ಕನಿಷ್ಠ 350 ಮಿಲಿಮೀಟರ್ ಬಿಡಬೇಕು. ಕಬ್ಬಿಣದ ಹಲಗೆ ಬೇಡ, ರಬ್ಬರಿನದೇ ಆಗಲಿ. ಸರಪಳಿಯ ಕೊಂಡಿಯ ತೂತು 8.6 ಮಿಲಿಮೀಟರಿಗಿಂತ ದೊಡ್ಡದಾಗಿದ್ದರೆ ಬೆರಳು ಸಿಕ್ಕುತ್ತದೆ. ಸರಪಳಿ ಸವೆಯುವುದು ಕೈಗೆ ಸಿಗುವ ಕಡೆಯಲ್ಲ, ಮೇಲೆ ಕೊಕ್ಕೆಗೆ ಜೋಡಿಸಿದಲ್ಲಿ. ಏಣಿ ಹಾಕಿ ಹತ್ತಿ ನೋಡದ ತಪಾಸಣೆ ತಪಾಸಣೆಯೇ ಅಲ್ಲ.

ಕೆಳಗಿನ ನೆಲ ಇನ್ನೂ ಮುಖ್ಯ. ಎರಡು ಮೀಟರ್ ಎತ್ತರದ ಜಾರುಬಂಡೆಯ ಸುತ್ತ 200 ಮಿಲಿಮೀಟರ್ ಮರಳು ಬೇಕು, ಮಕ್ಕಳ ಕಾಲಿಗೆ ಚದುರುವುದಕ್ಕೆಂದು ಮೇಲೆ ಇನ್ನೂ 100. ಗುತ್ತಿಗೆದಾರರು ಇಲ್ಲಿ ಸುರಿಯುವುದು ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿಮಾಡಿ ತಯಾರಿಸಿದ ಮರಳು. ಅದು ಕಟ್ಟಡಕ್ಕೆ ಸರಿ, ಆಟಕ್ಕೆ ಸಲ್ಲದು: ಕಣ ಚೂಪು, ಜೊತೆಗೆ ಕಲ್ಲುಪುಡಿ, ಒಂದು ಮಳೆಗೆ ಗಾರೆಯಂತೆ ಗಟ್ಟಿಯಾಗುತ್ತದೆ. ಬೇಕಾದದ್ದು ತೊಳೆದ, ದುಂಡು ಕಣದ, 0.2ರಿಂದ 2 ಮಿಲಿಮೀಟರ್ ಗಾತ್ರದ ಮರಳು. ಒಂದು ಹಿಡಿ ತೆಗೆದು ನೀರಿನ ಬಾಟಲಿಗೆ ಹಾಕಿ ಅಲುಗಿಸಿ. ನೀರು ತುಂಬ ಹೊತ್ತು ಕೆಂಪಗೋ ಬೂದಿ ಬಣ್ಣದಲ್ಲೋ ಉಳಿದರೆ ಲೋಡನ್ನು ವಾಪಸು ಕಳಿಸಿ. ಮರಳು ವಾರಕ್ಕೊಮ್ಮೆ ಹಲುಬೆ ಎಳೆದು ಸಡಿಲವಾಗಬೇಕು. ಗಾಜು, ಮುಳ್ಳು, ನಾಯಿ ಹೊಲಸು ಸಿಗುವುದೂ ಆಗಲೇ. ಉಯ್ಯಾಲೆಯ ಕೆಳಗೆ ಮರಳು ಸರಿದು ಕಂಬದ ಕಾಂಕ್ರೀಟ್ ತಲೆ ಹೊರಗೆ ಕಂಡರೆ ಆ ದಿನವೇ ಉಯ್ಯಾಲೆಯನ್ನು ಕಟ್ಟಿಹಾಕಿಸಿ.

ಓಪನ್ ಜಿಮ್ಮಿನ ವಿಷಯದಲ್ಲಿ ಮಾಲಿ ಇರುವ ಗುತ್ತಿಗೆ ಪರವಾಗಿಲ್ಲ. ಕಿರುಗುಟ್ಟುವ ಬೇರಿಂಗಿಗೆ ಎಣ್ಣೆ ಬಿಡುತ್ತಾರೆ. ಆದರೆ ಎಣ್ಣೆ ಧೂಳನ್ನು ಹಿಡಿದು ಬೇರಿಂಗನ್ನು ಇನ್ನೂ ಬೇಗ ತಿನ್ನುತ್ತದೆ, ಹಳೆಯದನ್ನು ತೆಗೆದು ಹೊಸ ಸೀಲ್ಡ್ ಬೇರಿಂಗ್ ಹಾಕಿಸುವುದೇ ದಾರಿ. ತಡೆ ರಬ್ಬರ್ ಬಿದ್ದುಹೋದ ಯಂತ್ರದಲ್ಲಿ ಲೋಹಕ್ಕೆ ಲೋಹ ಬಡಿದು ಬೆಸುಗೆ ಬಿಡುತ್ತದೆ. ಇಲ್ಲಿ ಬೋರ್ಡುಗಳ ಮಾತನ್ನೂ ಹೇಳಬೇಕು. ಮೊಣಕಾಲು ನೋವಿಗೆ ಯಾವುದು ಬೇಡ ಎಂದು ಬರೆದಿರುವುದು ತಮಿಳು ಮತ್ತು ಇಂಗ್ಲಿಷಿನಲ್ಲಿ. ಬೆಳಿಗ್ಗೆ ಅಲ್ಲಿ ಕೈಕಾಲು ಆಡಿಸುವ ಅಜ್ಜಿ ತಾತಂದಿರಲ್ಲಿ ಎಷ್ಟೋ ಜನ ಕನ್ನಡ, ತೆಲುಗು ಬಿಟ್ಟು ಬೇರೆ ಓದಲಾರರು. ಚಿತ್ರದ ಜೊತೆ ಎರಡು ಸಾಲು ಕನ್ನಡ, ಎರಡು ಸಾಲು ತೆಲುಗು ಸೇರಿಸುವ ಖರ್ಚು ಒಂದು ಸ್ಟಿಕ್ಕರಿನದ್ದು. ಕೇಳಿದರೆ ಮಾಡಿಕೊಡುತ್ತಾರೆ, ದಯವಿಟ್ಟು ಕೇಳಿ.

ಗೇಟಿನಲ್ಲಿ ಬೈಕು ತಡೆಯಲು ನೆಡುವ ಕಂಬಗಳ ನಡುವೆ 900 ಮಿಲಿಮೀಟರ್ ಬಿಡಿಸಿ, ಗಾಲಿಕುರ್ಚಿ ಹೋಗಲಿ. ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು. ದೀಪ, ಶೌಚಾಲಯಗಳ ನಿರ್ವಹಣೆಯನ್ನು ಈ ಗುತ್ತಿಗೆಗೆ ಸೇರಿಸದಿರುವುದೇ ಲೇಸು. ತೋಟದವರಿಗೆ ಆ ಕೆಲಸ ಬಾರದು, ಬೇರೆಯವರಿಗೆ ಕೊಡಿ.

ತರಗೆಲೆಯನ್ನು ಮೂಲೆಯಲ್ಲಿ ರಾಶಿ ಮಾಡಿ ಬೆಂಕಿ ಇಡುವುದು ಇನ್ನೂ ನಿಂತಿಲ್ಲ. 2016ರ ಘನತ್ಯಾಜ್ಯ ನಿಯಮಗಳು ಕಸ ಸುಡುವುದನ್ನು ನಿಷೇಧಿಸಿ, ತೋಟದ ಕಸವನ್ನು ಬೇರೆಯಾಗಿ ಅಲ್ಲೇ ಇಟ್ಟುಕೊಳ್ಳಬೇಕೆಂದು ಹೇಳಿದವು. ಮೂರು ಅಡಿ ಉದ್ದ, ಅಗಲ, ಎತ್ತರದ ಜಾಲರಿ ಗೂಡು ಎರಡು ಮಾಡಿಸಿ. ಮೂರು ಬುಟ್ಟಿ ಎಲೆಗೆ ಒಂದು ಬುಟ್ಟಿ ಸಗಣಿ, ಹಿಂಡಿದರೆ ಕೈ ಒದ್ದೆಯಾಗುವಷ್ಟು ನೀರು, ಹದಿನೈದು ದಿನಕ್ಕೊಮ್ಮೆ ಮಗುಚುವುದು. ಮೂರು ನಾಲ್ಕು ತಿಂಗಳಿಗೆ ಗೊಬ್ಬರ. ಗೊಬ್ಬರದ ಹೆಸರಿನಲ್ಲಿ ಬರುವ ಬಿಲ್ಲು ಅಷ್ಟರಮಟ್ಟಿಗೆ ಇಳಿಯಬೇಕು, ಇಳಿಯದಿದ್ದರೆ ಗೂಡು ನೋಡಿಕೊಂಡು ಬನ್ನಿ.

ಕೊಟೇಶನ್ ಬಂದಾಗ ಒಟ್ಟು ಮೊತ್ತ ನೋಡಬೇಡಿ. ಮಾಲಿಯ ಸಂಬಳ, ಪಿಎಫ್, ಇಎಸ್ಐ, ವಾರದ ರಜೆಗೆ ಬದಲಿ ಆಳು, ಸಾಮಾನು, ಮೇಲ್ವಿಚಾರಣೆ ಎಂದು ಬಿಡಿಸಿ ಬರೆಸಿ. ತುಂಬ ಅಗ್ಗದ ಕೊಟೇಶನ್ನಿನಲ್ಲಿ ಕೊರತೆ ಬೀಳುವುದು ಮಾಲಿಯ ಕೂಲಿಗೆ. ಆಗ ಅವನು ಮಧ್ಯಾಹ್ನ ಇನ್ನೊಂದು ಲೇಔಟಿನಲ್ಲಿ ದುಡಿಯಲು ಹೋಗುತ್ತಾನೆ, ಹೋಗದೆ ಅವನಿಗೆ ಬೇರೆ ದಾರಿಯೂ ಇಲ್ಲ. ನಾವು ಒಂದು ಎಕರೆಗೆ ಒಬ್ಬ ಪೂರ್ಣಾವಧಿ ಮಾಲಿ ಎಂಬುದಕ್ಕಿಂತ ಕೆಳಗೆ ಇಳಿಯುವುದನ್ನು ಒಪ್ಪುವುದಿಲ್ಲ.

ಗುತ್ತಿಗೆಯ ತಾರೀಖನ್ನೂ ನೋಡಿ. ಹೆಚ್ಚಿನವು ಲೆಕ್ಕಪತ್ರದ ವರ್ಷಕ್ಕೆ ತಕ್ಕಂತೆ ಮಾರ್ಚ್ 31ಕ್ಕೆ ಮುಗಿಯುತ್ತವೆ. ಹೊಸಬರು ಬರುವುದು ಎರಡು ಮೂರು ವಾರ ತಡವಾದರೂ ಆ ವಾರಗಳು ವರ್ಷದಲ್ಲೇ ಅತಿ ಬಿಸಿಲಿನವು, ಹನ್ನೊಂದು ತಿಂಗಳ ಹುಲ್ಲು ಅಷ್ಟರಲ್ಲಿ ಹೋಗಿಬಿಡುತ್ತದೆ. ಇಲ್ಲಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಒಳ್ಳೆಯ ಮಳೆ. ಅಕ್ಟೋಬರ್ 1ರಿಂದ ಸೆಪ್ಟೆಂಬರ್ 30ರವರೆಗೆ ಎಂದು ಬರೆಸಿ. ಕೊನೆಯ ಹದಿನೈದು ದಿನ ಹಳೆಯ ಮಾಲಿ, ಹೊಸ ಮಾಲಿ ಇಬ್ಬರೂ ಜೊತೆಗಿರಬೇಕು. ಯಾವ ವಾಲ್ವ್ ಯಾವ ಸಾಲಿಗೆ ಎಂಬ ನಕ್ಷೆ, ಮೋಟಾರ್ ಸ್ಟಾರ್ಟರಿನ ಕೀಲಿ, ಮೀಟರ್ ಪುಸ್ತಕ ಕೈಯಿಂದ ಕೈಗೆ ಸೇರಿದ ಮೇಲೆಯೇ ಕೊನೆಯ ತಿಂಗಳ ಬಿಲ್ಲು ಪಾಸಾಗಲಿ.