ಒಗೆಯುವ ಕಲ್ಲಿನ ಮೇಲೆ ಕಾಫಿ: ಗೋಕುಲಂನ ಒಂದು ಕೆಫೆ

ಮೈಸೂರಿನ ಗೋಕುಲಂ ಮೂರನೇ ಹಂತದಲ್ಲಿ, ನಮ್ಮ ಮನೆಯಿಂದ ಎರಡು ತಿರುವು ದಾಟಿದರೆ ಈ ಕೆಫೆ. ಹೆಸರು ಬರೆಯುವುದಿಲ್ಲ; ದಿನವೂ ಮುಖ ನೋಡಬೇಕಾದವರು. ಹಳೆಯ ಮನೆಯನ್ನು ಬಾಡಿಗೆಗೆ ಹಿಡಿದಿದ್ದಾರೆ. ಕೆಂಪು ಗಾರೆ ನೆಲವನ್ನು ಕೀಳದೆ ಮೆರುಗು ಕೊಟ್ಟಿದ್ದಾರೆ, ಅದಕ್ಕೆ ಪೂರ್ತಿ ಅಂಕ. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲೇ ಈಗ ಮೇಜು. ಒಗೆಯುವ ಕಲ್ಲನ್ನು ನೀರು ಇಳಿಯಲೆಂದೇ ಓರೆಯಾಗಿ ಹಾಕಿರುತ್ತಾರೆ ಎಂಬುದು ಯಾರಿಗೂ ಹೊಳೆದಂತಿಲ್ಲ.

ಅಷ್ಟಾಂಗ ಯೋಗದ ಗುರು ಪಟ್ಟಾಭಿ ಜೋಯಿಸರು 2002ರಲ್ಲಿ ಲಕ್ಷ್ಮೀಪುರಂನಿಂದ ಯೋಗಶಾಲೆಯನ್ನು ಇಲ್ಲಿಗೆ ತಂದ ಮೇಲೆ ನಮ್ಮ ಮಹಡಿಯ ಕೋಣೆ ಖಾಲಿ ಉಳಿದದ್ದೇ ಕಡಿಮೆ. 2009ರಲ್ಲಿ ಅವರು ತೀರಿಕೊಂಡ ಮೇಲೂ ವಿದೇಶಿಯರು ಬರುವುದು ನಿಲ್ಲಲಿಲ್ಲ. ಬಂದವರು ಎರಡು ಮೂರು ತಿಂಗಳು ಇರುತ್ತಿದ್ದರು. ಬೆಳಗಿನ ಜಾವ ನಾಲ್ಕಕ್ಕೆ, ಕಂಕುಳಲ್ಲಿ ಚಾಪೆ, ಗೇಟಿನ ಕಿರ್ರೆನ್ನುವ ಸದ್ದು. ಅಮಾವಾಸ್ಯೆ, ಹುಣ್ಣಿಮೆಗೆ ಅವರ ಅಭ್ಯಾಸಕ್ಕೆ ರಜೆ. ಶನಿವಾರವಲ್ಲದ ದಿನ ಗೇಟು ಸುಮ್ಮನಿದ್ದರೆ ನನಗೆ ಪಂಚಾಂಗ ತೆರೆಯುವ ಕೆಲಸವಿರಲಿಲ್ಲ. ಒಬ್ಬಳಂತೂ ಗೊಜ್ಜವಲಕ್ಕಿ ಕಲಿತು ಹೋದಳು. ಹುಣಸೆಹಣ್ಣು ಕಿವುಚುವುದು ಮಾತ್ರ ಕಡೆಯವರೆಗೂ ಬರಲಿಲ್ಲ, ನಾರೆಲ್ಲ ತಟ್ಟೆಗೇ ಬೀಳುತ್ತಿತ್ತು.

ಕಳೆದ ಶನಿವಾರ ಕೆಫೆಯಲ್ಲಿ ಚಾಪೆ ಹಿಡಿದವರು ಒಬ್ಬರೋ ಇಬ್ಬರೋ. ಉಳಿದವರೆಲ್ಲ ಬೆಂಗಳೂರಿನವರು. 2023ರಲ್ಲಿ ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ಬೆಳಗ್ಗೆ ಹೊರಟು ತಿಂಡಿಯ ಹೊತ್ತಿಗೆ ಇಲ್ಲಿರುತ್ತಾರೆ. ಗೋಡೆಗೆ ಒರಗಿಸಿಟ್ಟ ಹಳೆಯ ಸೈಕಲ್ಲಿನ ಮುಂದೆ ಫೋಟೊ ತೆಗೆಸಿಕೊಂಡು ಸಂಜೆಗೆ ವಾಪಸ್. ದೂರಲು ನನಗೆ ಬಾಯಿಲ್ಲ. ನಮ್ಮ ಮಹಡಿಯನ್ನು ನಾನೂ ಈಗ ದಿನದ ಲೆಕ್ಕದಲ್ಲೇ ಕೊಡುತ್ತೇನೆ. ಅವರ ಹೆಸರು ನೆನಪಿಟ್ಟುಕೊಳ್ಳುವ ಮೊದಲೇ ಬೀಗದ ಕೈ ಹಿಂದಿರುಗಿರುತ್ತದೆ.

ರಾಗಿ ಬ್ರೆಡ್ ನಿಜಕ್ಕೂ ಚೆನ್ನಾಗಿದೆ: ಅಂಚು ಗರಿಗರಿ, ಒಳಗೆ ಹದವಾದ ಹುಳಿ, ಮೇಲೆ ಬೆಣ್ಣೆಹಣ್ಣು, ನಾಲ್ಕು ಕಾಳು ಮೆಣಸಿನ ಪುಡಿ. ಇಬ್ಬರಿಗೆ ಒಂದು ತಟ್ಟೆ ಸಾಕು. ತಿಂಡಿಪಟ್ಟಿಯನ್ನು ಮೊಬೈಲಿನಲ್ಲೇ ನೋಡಬೇಕು, ಕನ್ನಡದಲ್ಲಿ ಇಲ್ಲ. ಕಾಫಿಗೆ 160 ರೂಪಾಯಿ. ಬಾದಾಮಿ ಹಾಲು ಬೇಕೇ ಎಂದು ಹುಡುಗ ಕೇಳಿದ, ಬೇಡಪ್ಪ ಎಂದೆ, ಅದನ್ನೇ ತಂದ. ಬದಲಾಯಿಸಿಕೊಡು ಎನ್ನುವಷ್ಟರಲ್ಲಿ ಕಪ್ಪು ಜಾರಿ ಮಗುಚಿತು. ಕಾಫಿ ಅತ್ತಿತ್ತ ಹರಡಲಿಲ್ಲ. ಹಿಂದೆ ಸೋಪಿನ ನೀರು ಇಳಿಯುತ್ತಿದ್ದ ದಾರಿಯಲ್ಲೇ ನೆಟ್ಟಗೆ ಇಳಿದು ದಾಸವಾಳದ ಬುಡ ಸೇರಿತು. ಬಿಲ್ಲಿನಲ್ಲಿ ಅದನ್ನೂ ಹಿಡಿದಿದ್ದರು.

ಹೋಗುವವರು ವಾರದ ನಡುವೆ ಹೋಗಿ, ಜಗಲಿಯಲ್ಲಿ ಕೂತು ಬ್ರೆಡ್ ತಿನ್ನಿ. ಕಾಫಿ ಮನೆಯಲ್ಲೇ ಕುಡಿದು ಹೊರಡಿ.