ಬೂಟ್‌ಲೋಡರ್ ಅನ್‌ಲಾಕ್ ಮಾಡುವ ಮುನ್ನ: ಮತ್ತೆ ಸರಿಹೋಗದ ಕೆಲವು ಸಂಗತಿಗಳು

ತಯಾರಕರು ಭದ್ರತಾ ಅಪ್‌ಡೇಟ್ ನಿಲ್ಲಿಸಿದ ಫೋನಿಗೆ ಕಸ್ಟಮ್ ರಾಮ್ (ಕಂಪನಿಯದಲ್ಲದ, ಬೇರೆಯವರು ಸಿದ್ಧಪಡಿಸಿದ ಆಂಡ್ರಾಯ್ಡ್ ತಂತ್ರಾಂಶ) ಹಾಕಿ ಇನ್ನೊಂದಷ್ಟು ವರ್ಷ ಓಡಿಸೋಣ ಎಂದುಕೊಂಡಿರುವವರು, ಬೂಟ್‌ಲೋಡರ್ ಅನ್‌ಲಾಕ್ ಮಾಡುವ ಮೊದಲು ಇದನ್ನು ಓದಬೇಕೆಂದು ಕೋರುತ್ತೇನೆ. ಫೋನ್ ಆನ್ ಆದಾಗ ತಂತ್ರಾಂಶವನ್ನು ಚಾಲೂ ಮಾಡುವ ಭಾಗವೇ ಬೂಟ್‌ಲೋಡರ್. ಬೇರೆ ತಂತ್ರಾಂಶ ಹಾಕಲು ಅದರ ಬೀಗ ತೆರೆಯುವುದೇ ಅನ್‌ಲಾಕ್. ಕಸ್ಟಮ್ ರಾಮ್ ಹಾಕಲೇಬಾರದು ಎಂದು ನಾನು ವಾದಿಸುತ್ತಿಲ್ಲ. ಆ ದಾರಿ ಹಿಡಿದವರಿಗೆ ಎದುರಾಗುವ ತೊಂದರೆಗಳಲ್ಲಿ ಕೆಲವು ಸರಿಹೋಗುತ್ತವೆ, ಕೆಲವು ಎಂದಿಗೂ ಸರಿಹೋಗುವುದಿಲ್ಲ. ಈ ಎರಡನೆಯ ಬಗೆಯ ತೊಂದರೆಗಳ ವಿಷಯದಲ್ಲಿ ರಾಮ್ ಹಾಕುವುದನ್ನು ಕಲಿಸುವ ವಿಡಿಯೊಗಳು ಸಾಮಾನ್ಯವಾಗಿ ಬಾಯಿ ಬಿಡುವುದಿಲ್ಲ.

ನನ್ನ ಫೋನಿನ ಬ್ಯಾಟರಿ, ಪರದೆ, ಕ್ಯಾಮೆರಾ ಎಲ್ಲವೂ ಚೆನ್ನಾಗಿದ್ದವು. ಹಳತಾಗಿದ್ದದ್ದು ತಂತ್ರಾಂಶ ಮಾತ್ರ. ಆ ಮಾದರಿಗೆಂದೇ ಸಮುದಾಯದ ಡೆವಲಪರ್ ಒಬ್ಬರು ಹೊಸ ಆಂಡ್ರಾಯ್ಡ್ ಆವೃತ್ತಿಯ ರಾಮ್ ಸಿದ್ಧಪಡಿಸಿ, ತಿಂಗಳು ತಿಂಗಳ ಭದ್ರತಾ ಪ್ಯಾಚ್ ಸೇರಿಸಿ ಬಿಡುಗಡೆ ಮಾಡುತ್ತಿದ್ದರು. ಅನ್‌ಲಾಕ್ ಆಗುವಾಗ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಕದ್ದವನು ಬೂಟ್‌ಲೋಡರ್ ತೆರೆದು ಒಳಗಿನ ಮಾಹಿತಿ ತೆಗೆಯಬಾರದೆಂದು ಬೇಕೆಂದೇ ಮಾಡಿದ ಏರ್ಪಾಡು ಇದು. ಬ್ಯಾಕಪ್ ಮಾಡಿಕೊಂಡೇ ಕೈಹಾಕಿದ್ದರಿಂದ ಅದು ನನಗೆ ತೊಂದರೆಯಾಗಲಿಲ್ಲ. ಅಲ್ಲಿಂದ ಮುಂದೆ ಫೋನ್ ಆನ್ ಮಾಡಿದಾಗಲೆಲ್ಲ, ಬೂಟ್‌ಲೋಡರ್ ತೆರೆದಿದೆ, ತಂತ್ರಾಂಶದ ಸಾಚಾತನಕ್ಕೆ ಖಾತರಿಯಿಲ್ಲ ಎಂಬ ಎಚ್ಚರಿಕೆ ಪರದೆಯ ಮೇಲೆ ಮೂಡಿ ಕೆಲವು ಸೆಕೆಂಡು ನಿಲ್ಲುತ್ತಿತ್ತು. ಉಳಿದಂತೆ ಫೋನ್ ಹೊಸದಿದ್ದಾಗಿಗಿಂತಲೂ ಚುರುಕಾಗಿತ್ತು, ಕಂಪನಿ ತುರುಕಿದ್ದ ಬೇಡದ ಆ್ಯಪ್‌ಗಳೂ ತೊಲಗಿದ್ದವು.

ತೊಂದರೆ ಶುರುವಾದದ್ದು ಒಂದು ಮಾಸಿಕ ಅಪ್‌ಡೇಟ್‌ನಿಂದ. ಕರೆ ಹೋಗುತ್ತಿತ್ತು, ಆ ಕಡೆಯವರ ಮಾತು ನನಗೆ ಕೇಳಿಸುತ್ತಿತ್ತು, ನನ್ನ ಮಾತು ಮಾತ್ರ ಅವರನ್ನು ಮುಟ್ಟುತ್ತಿರಲಿಲ್ಲ. ಸ್ಪೀಕರ್ ಬಟನ್ ಒತ್ತಿ ಮತ್ತೆ ಆರಿಸಿದರೆ ಧ್ವನಿ ಹೋಗುತ್ತಿತ್ತು. ಮುಂದಿನ ಕರೆಯಲ್ಲಿ ಅದೇ ಪಾಡು. ಡೆವಲಪರ್‌ಗೆ ಲಾಗ್ (ಫೋನಿನೊಳಗಿನ ಚಟುವಟಿಕೆಯ ದಾಖಲೆ) ಕಳಿಸಿದೆ. ಅವರು ಅಷ್ಟರಲ್ಲಿ ಬೇರೆ ಫೋನಿಗೆ ಬದಲಾಗಿದ್ದರು, ಪರೀಕ್ಷಿಸಲು ಈ ಮಾದರಿ ಅವರ ಕೈಯಲ್ಲಿ ಇರಲಿಲ್ಲ. ಬಿಡುವಿನ ವೇಳೆಯಲ್ಲಿ ಸಂಬಳವಿಲ್ಲದೆ ದುಡಿಯುವವರನ್ನು ದೂರುವುದು ಸಲ್ಲದು. ಆದರೆ ನನ್ನ ಫೋನಿನ ದೂರವಾಣಿ ಸೇವೆಗೆ ಹೊಣೆಗಾರರು ಯಾರೂ ಉಳಿದಿಲ್ಲ ಎಂಬುದು ಆಗ ಖಚಿತವಾಯಿತು.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಆಂಡ್ರಾಯ್ಡ್ ಮುಕ್ತ, ಅಂದರೆ ಅದರ ಮೂಲ ಸಂಕೇತ ಎಲ್ಲರಿಗೂ ಸಿಗುತ್ತದೆ ಎಂದಾಗ ನಾವು ಹೇಳುವುದು ಅಪಾಚೆ ಪರವಾನಗಿಯಡಿ ಸಿಗುವ ಮೇಲಿನ ಪದರ ಮತ್ತು ಜಿಪಿಎಲ್ ಎಂಬ ಇನ್ನೊಂದು ಮುಕ್ತ ಪರವಾನಗಿಯ ಅಡಿಯಲ್ಲಿರುವ ತಳಹದಿಯಾದ ಲಿನಕ್ಸ್ ಕರ್ನಲ್ ಕುರಿತು. ನೆಟ್‌ವರ್ಕ್ ಸಂಪರ್ಕ ನೋಡಿಕೊಳ್ಳುವ ಮೋಡೆಮ್‌ನ ತಂತ್ರಾಂಶ, ಕ್ಯಾಮೆರಾದ ಚಿತ್ರಸಂಸ್ಕರಣೆ, ಬೆರಳಚ್ಚು ಓದುವ ಭಾಗ ಇತ್ಯಾದಿಗಳು ಚಿಪ್ ಮತ್ತು ಫೋನ್ ತಯಾರಕರ ಮುಚ್ಚಿದ ಬೈನರಿ ಕಡತಗಳಾಗಿಯೇ ಬರುತ್ತವೆ. ಇವುಗಳಿಗೆ ಬ್ಲಾಬ್ ಎನ್ನುತ್ತಾರೆ. 2017ರಲ್ಲಿ ಆಂಡ್ರಾಯ್ಡ್ 8ರೊಂದಿಗೆ ಬಂದ ಪ್ರಾಜೆಕ್ಟ್ ಟ್ರೆಬಲ್ ಈ ಎರಡರ ನಡುವೆ ಒಂದು ಗಡಿ ಎಳೆದದ್ದರಿಂದ ಹಳೆಯ ಬ್ಲಾಬ್‌ಗಳ ಮೇಲೆ ಹೊಸ ಆಂಡ್ರಾಯ್ಡ್ ಕೂರಿಸುವುದು ಸುಲಭವಾಯಿತು, ನಿಜ. ಆದರೆ ತಯಾರಕರು ಕೈಬಿಟ್ಟ ಬ್ಲಾಬ್‌ನಲ್ಲಿರುವ ದೋಷವನ್ನಾಗಲಿ ಭದ್ರತಾ ಲೋಪವನ್ನಾಗಲಿ ಸಮುದಾಯದವರು ಮೂಲ ಸಂಕೇತವಿಲ್ಲದೆ ತಿದ್ದುವುದು ಬಹುಮಟ್ಟಿಗೆ ಅಸಾಧ್ಯ. ಹಾಗಾಗಿ ಪ್ಯಾಚ್ ದಿನಾಂಕ ಹೊಸದಾಗಿ ಕಂಡರೂ ಅದು ಇಡೀ ಫೋನಿಗೆ ಅನ್ವಯಿಸುವುದಿಲ್ಲ. ಮುಚ್ಚಿದ ಭಾಗದ ಮೇಲೆ ನಮಗೆ ಯಾವ ಹಿಡಿತವೂ ಬರಲಿಲ್ಲ, ಅದಕ್ಕಿದ್ದ ಖಾತರಿಯೂ ಹೋಯಿತು: ಅನ್‌ಲಾಕ್ ಮಾಡಿದವರ ನಿಜವಾದ ಸ್ಥಿತಿ ಇದು.

ಇದಾದ ಮೇಲೆ ಬ್ಯಾಂಕ್ ಆ್ಯಪ್ ಕೈಕೊಟ್ಟಿತು. ಗೂಗಲ್‌ನ ಪ್ಲೇ ಇಂಟೆಗ್ರಿಟಿ ವ್ಯವಸ್ಥೆಯ ಮೂಲಕ ಆ್ಯಪ್‌ಗಳು ಸಾಧನವನ್ನು ನಂಬಬಹುದೇ ಎಂದು ಕೇಳುತ್ತವೆ. ತೆರೆದ ಬೂಟ್‌ಲೋಡರ್‌ಗೆ ಅನುಕೂಲಕರ ಉತ್ತರ ಸಿಗುವುದಿಲ್ಲ. ಇದರಲ್ಲೊಂದು ವಿಪರ್ಯಾಸವಿದೆ. ವರ್ಷಗಟ್ಟಲೆ ಪ್ಯಾಚ್ ಕಾಣದ ಹಳೆಯ ಕಂಪನಿ ತಂತ್ರಾಂಶವು ಸಾಮಾನ್ಯ ಸಾಧನ ಪರೀಕ್ಷೆಯಲ್ಲಿ ಪಾಸಾಗಬಲ್ಲದು, ಕಳೆದ ತಿಂಗಳ ಪ್ಯಾಚ್ ಇರುವ ಕಸ್ಟಮ್ ರಾಮ್ ಫೇಲಾಗುತ್ತದೆ. ರೂಟ್ ಮಾಡಿ (ತಂತ್ರಾಂಶದ ಮೇಲೆ ಪೂರ್ಣ ಅಧಿಕಾರ ಪಡೆದು), ಎಲ್ಲಿಂದಲೋ ಸೋರಿದ ಕೀಬಾಕ್ಸ್ (ಸಾಧನದ ಸಾಚಾತನ ಸಾರುವ ಕೀಲಿಗಳ ಕಡತ) ಹಾಕಿ ಪರೀಕ್ಷೆಯ ಕಣ್ಣು ತಪ್ಪಿಸುವ ಉಪಾಯಗಳನ್ನು ಹಲವರು ಸೂಚಿಸಿದರು. ಗೂಗಲ್ ಆ ಕೀಲಿಯನ್ನು ರದ್ದುಪಡಿಸಿದ ದಿನ ಎಲ್ಲವೂ ಮೊದಲಿನಂತಾಗುತ್ತದೆ. ಹಣಕಾಸಿನ ಆ್ಯಪ್ ಇರುವ ಫೋನಿನಲ್ಲಿ ಇಂಥ ಆಟ ಆಡುವುದನ್ನು ನಾನು ಒಪ್ಪುವುದಿಲ್ಲ.

ಕೊನೆಗೆ ಕಂಪನಿಯ ಮೂಲ ತಂತ್ರಾಂಶವನ್ನೇ ಮರಳಿ ಹಾಕಿ, ಬೂಟ್‌ಲೋಡರ್ ಲಾಕ್ ಮಾಡಿದೆ. ಕರೆ ಸರಿಯಾಯಿತು, ಬ್ಯಾಂಕ್ ಆ್ಯಪ್ ತೆರೆದುಕೊಂಡಿತು. ಆದರೆ ಖಾಸಗಿ ಕಡತಗಳಿಗಾಗಿ ಕಂಪನಿ ಕೊಟ್ಟಿದ್ದ ಸುರಕ್ಷಿತ ಫೋಲ್ಡರ್ ಶಾಶ್ವತವಾಗಿ ನಿಷ್ಕ್ರಿಯವಾಗಿತ್ತು. ಕೆಲವು ತಯಾರಕರು ಚಿಪ್ಪಿನೊಳಗೆ ಒಂದು ವಿದ್ಯುನ್ಮಾನ ಫ್ಯೂಸ್ ಇಟ್ಟಿರುತ್ತಾರೆ. ಮಾನ್ಯತೆಯಿಲ್ಲದ ತಂತ್ರಾಂಶ ಒಮ್ಮೆ ಚಾಲೂ ಆದರೆ ಅದು ಸುಟ್ಟುಹೋಗುತ್ತದೆ, ಯಾವ ತಂತ್ರಾಂಶವೂ ಅದನ್ನು ಮರಳಿ ಜೋಡಿಸಲಾರದು. ಇನ್ನು ಕೆಲವು ಮಾದರಿಗಳಲ್ಲಿ ಅನ್‌ಲಾಕ್ ಮಾಡಿದಾಗ ವೈಡ್‌ವೈನ್ (ವಿಡಿಯೊ ನಕಲು ತಡೆಯುವ ಗೂಗಲ್‌ನ ವ್ಯವಸ್ಥೆ) ಮಟ್ಟ ಎಲ್1ರಿಂದ ಎಲ್3ಕ್ಕೆ ಇಳಿದು, ಚಂದಾ ಕಟ್ಟಿದ ಸಿನಿಮಾಗಳೂ ಎಚ್‌ಡಿಯಲ್ಲಿ ಬರುವುದಿಲ್ಲ. ಲಾಕ್ ಮಾಡುವ ಹಂತವೇ ಎಲ್ಲಕ್ಕಿಂತ ಅಪಾಯಕಾರಿ: ಕಸ್ಟಮ್ ರಾಮ್ ಒಳಗಿರುವಾಗಲೇ ಲಾಕ್ ಮಾಡಿದರೆ ತಂತ್ರಾಂಶದ ಡಿಜಿಟಲ್ ಸಹಿ ತಾಳೆಯಾಗದೆ ಫೋನ್ ಬೂಟ್ ಆಗುವುದೇ ಇಲ್ಲ. ಗೂಗಲ್‌ನ ಪಿಕ್ಸೆಲ್ ಫೋನುಗಳು ಇದಕ್ಕೆ ಹೊರತು. ಬಳಕೆದಾರರ ಸ್ವಂತ ಕೀಲಿಯನ್ನು ಅವು ಸ್ವೀಕರಿಸುವುದರಿಂದಲೇ ಗ್ರಾಫೀನ್‌ಓಎಸ್ ಎಂಬ ಕಸ್ಟಮ್ ರಾಮ್ ಹಾಕಿಯೂ ಬೂಟ್‌ಲೋಡರ್ ಲಾಕ್ ಮಾಡಬಹುದು.

ಹಾಗೆಂದು ಮುಚ್ಚಿದ ವ್ಯವಸ್ಥೆಯಲ್ಲಿ ಹಿಂದಕ್ಕೆ ಹೋಗುವ ಸ್ವಾತಂತ್ರ್ಯವಿದೆ ಎಂದಲ್ಲ. ಆ್ಯಪಲ್ ಹಳೆಯ ಐಓಎಸ್ ಆವೃತ್ತಿಗೆ ಸಹಿ ಹಾಕುವುದನ್ನು ನಿಲ್ಲಿಸಿದ ಮೇಲೆ ಅದನ್ನು ಹಾಕಿಕೊಳ್ಳಲು ಬರುವುದಿಲ್ಲ. ಆದರೆ ಯಂತ್ರವೂ ತಂತ್ರಾಂಶವೂ ಒಬ್ಬರದೇ ಆದ್ದರಿಂದ, 2013ರಲ್ಲಿ ಬಂದ ಐಫೋನ್ 5ಎಸ್‌ಗೆ 2023ರ ಜನವರಿಯಲ್ಲೂ ಭದ್ರತಾ ಅಪ್‌ಡೇಟ್ ಬಂತು. ಆಂಡ್ರಾಯ್ಡ್ ಕಡೆಯಲ್ಲೂ ಪಿಕ್ಸೆಲ್ 8ರಿಂದ ಏಳು ವರ್ಷಗಳ ಭರವಸೆ ಸಿಗುತ್ತಿದೆ. ಸ್ಥಿರತೆ ಬೇಕಾದವರು ಅದನ್ನು ಕೊಳ್ಳುವಾಗಲೇ ನೋಡಿಕೊಳ್ಳುವುದು ಒಳಿತು. ಆಮೇಲೆ ರಾಮ್‌ನಿಂದ ಅದನ್ನು ತುಂಬಿಕೊಳ್ಳುವುದು ಕಷ್ಟ.

ಇಷ್ಟಾದರೂ ಹಾಕಲೇಬೇಕು ಎನ್ನುವವರು ನಿಮ್ಮ ಮಾದರಿಯಲ್ಲಿ ಫ್ಯೂಸ್ ಇದೆಯೇ, ರಾಮ್ ಸಿದ್ಧಪಡಿಸುವವರ ಬಳಿ ಈಗಲೂ ಅದೇ ಫೋನ್ ಇದೆಯೇ ಎಂಬುದನ್ನು ಮೊದಲು ವಿಚಾರಿಸಿ. ಅನ್‌ಲಾಕ್ ಆದ ತಕ್ಷಣ, ಕಸ್ಟಮ್ ರಾಮ್ ಹಾಕುವ ಮುಂಚೆ, ಐಎಂಇಐ (ಫೋನಿನ ಗುರುತಿನ ಸಂಖ್ಯೆ) ಮತ್ತು ಮೋಡೆಮ್‌ನ ಹೊಂದಾಣಿಕೆ ಇರುವ ಇಎಫ್‌ಎಸ್ ಭಾಗದ ಪ್ರತಿಯನ್ನು ತೆಗೆದು ಕಂಪ್ಯೂಟರಿನಲ್ಲಿಡಿ. ಆ ಭಾಗ ಹಾಳಾದರೆ ಫೋನಿಗೆ ನೆಟ್‌ವರ್ಕ್ ಸಿಗದೆ ಹೋಗಬಹುದು, ಮತ್ತು ಇನ್ನೊಂದು ಫೋನಿನಿಂದ ತಂದ ಪ್ರತಿ ಅದಕ್ಕೆ ಹೊಂದುವುದಿಲ್ಲ.